ಲೀಸ್ ಕಾರು, ಸಾಲದ ಕಾರು, ಬಾಡಿಗೆ ಬ್ಯಾಟರಿ: ಬಳ್ಳಾರಿ ರಸ್ತೆಯಲ್ಲಿ ಮೂರರ ಲೆಕ್ಕ

ನಮ್ಮ ಮನೆತನದಲ್ಲಿ ಈಗ ಮೂರು ಎಲೆಕ್ಟ್ರಿಕ್ ಕಾರುಗಳಿವೆ. ಮೂರಕ್ಕೂ ದುಡ್ಡು ಕಟ್ಟುವ ದಾರಿ ಬೇರೆ ಬೇರೆ. ನಾನು ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಕೆಲಸಕ್ಕೆ ಹೋಗುವವನು. ನನ್ನದು ಕೆಲಸದ ಕಡೆಯಿಂದ ಬಂದ ಲೀಸ್ ಕಾರು, ಅಂದರೆ ತಿಂಗಳ ಬಾಡಿಗೆ ಕಟ್ಟಿ ಓಡಿಸಿ, ಕರಾರು ಮುಗಿದ ಮೇಲೆ ವಾಪಸ್ ಕೊಡುವುದು. ತಮ್ಮ ರಾಯಚೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನು ಅದೇ ಮಾದರಿಯ ಕಾರನ್ನು ಬ್ಯಾಂಕ್ ಸಾಲದಲ್ಲಿ ಕೊಂಡ. ಕೊಪ್ಪಳದ ಭಾವ ಕಾರು ಕೊಂಡು, ಬ್ಯಾಟರಿಯನ್ನು ಮಾತ್ರ ಬಾಡಿಗೆಗೆ ತಗೊಂಡಿದ್ದಾರೆ. ಮದುವೆ, ಜಾತ್ರೆ, ಆಸ್ಪತ್ರೆ ಅಂತ ಈ ಕಾರುಗಳು ಕೈ ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಮೂರನ್ನೂ ಓಡಿಸಿದ್ದೇನೆ, ಮೂರರ ಬಿಲ್ಲನ್ನೂ ನೋಡಿದ್ದೇನೆ.

ಮೊದಲು ದುಡ್ಡಿನ ಮಾತು. ಲೆಕ್ಕಕ್ಕೆ 14 ಲಕ್ಷದ ಕಾರು ಅಂತ ಇಟ್ಟುಕೊಳ್ಳಿ. ಕೈಯಿಂದ 3 ಲಕ್ಷ ಹಾಕಿ, ಉಳಿದ 11 ಲಕ್ಷವನ್ನು ಶೇ 9ರ ಬಡ್ಡಿಗೆ 5 ವರ್ಷದ ಸಾಲ ಮಾಡಿದರೆ ಕಂತು ತಿಂಗಳಿಗೆ ಸುಮಾರು 22,800 ರೂಪಾಯಿ. ಮೂರು ವರ್ಷ ಆಗುವಷ್ಟರಲ್ಲಿ ಕೈಬಿಟ್ಟ ಹಣ 11.2 ಲಕ್ಷ. ಇನ್ಶೂರೆನ್ಸು, ಸರ್ವಿಸು ಸೇರಿ ಇನ್ನೊಂದೂವರೆ ಲಕ್ಷ ಅನ್ನಿ. ಒಟ್ಟು 12.7 ಲಕ್ಷ. ಮೇಲೆ 5 ಲಕ್ಷ ಸಾಲ ಬಾಕಿ ಇರುತ್ತದೆ, ಆದರೆ ಕಾರು ನಿಮ್ಮದು.

ಅದೇ ಕಾರಿಗೆ ಲೀಸ್ ಬಾಡಿಗೆ ತಿಂಗಳಿಗೆ 33 ಸಾವಿರ ಅಂದುಕೊಂಡರೆ, ಮೂರು ವರ್ಷಕ್ಕೆ 11.9 ಲಕ್ಷ. ಇನ್ಶೂರೆನ್ಸು, ಸರ್ವಿಸು ಎಲ್ಲ ಅದರೊಳಗೇ. ಕೊನೆಗೆ ಕೀ ವಾಪಸ್ ಕೊಟ್ಟು ನಡೆದುಕೊಂಡು ಬರುವುದು.

ಈಗ ಯಾವುದು ಅಗ್ಗ? ಮೂರು ವರ್ಷದ ಹಳೆ ಕಾರಿಗೆ 7 ಲಕ್ಷ ಸಿಕ್ಕರೆ, ಸಾಲ ತೀರಿಸಿ 2 ಲಕ್ಷ ಕೈಗೆ ಬರುತ್ತದೆ. ಆಗ ಕೊಂಡವನ ನಿಜವಾದ ಖರ್ಚು 10.7 ಲಕ್ಷ, ಲೀಸ್‌ಗಿಂತ ಒಂದು ಲಕ್ಷಕ್ಕೂ ಮೇಲೆ ಕಡಿಮೆ. ಅದೇ 5 ಲಕ್ಷಕ್ಕೆ ಇಳಿದರೆ ಸಾಲಕ್ಕೂ ಮಾರಿದ ಹಣಕ್ಕೂ ಸರಿಹೋಗಿ ಖರ್ಚು 12.7 ಲಕ್ಷಕ್ಕೇ ನಿಲ್ಲುತ್ತದೆ, ಲೀಸೇ ವಾಸಿ. ಎರಡೂ ಸಮ ಆಗುವುದು 5.8 ಲಕ್ಷದ ಹತ್ತಿರ. ಅಂದರೆ ಬಡ್ಡಿ ದರ, ಶೋರೂಂ ರಿಯಾಯಿತಿ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ. ಹಳೆ ಎಲೆಕ್ಟ್ರಿಕ್ ಕಾರಿಗೆ ನಮ್ಮ ಕಡೆ ಯಾರು, ಎಷ್ಟು ಕೊಡ್ತಾರೆ?

ಇದನ್ನು ತಿಳಿಯೋಕೆ ತಮ್ಮನೂ ನಾನೂ ರಾಯಚೂರಿನ ಹಳೆ ಕಾರು ವ್ಯಾಪಾರಿಗಳ ಹತ್ತಿರ ಸುಮ್ನೆ ವಿಚಾರಿಸಿದೆವು. ಡೀಸೆಲ್ ಗಾಡಿ ಅಂದರೆ ಬಾನೆಟ್ ತೆಗೆಯದೇ ರೇಟು ಹೇಳುವವರು, ಇದಕ್ಕೆ ಮಾತ್ರ ತಲೆ ಕೆರೆದುಕೊಂಡರು. 'ಬ್ಯಾಟರಿ ಹೋದ್ರೆ ಯಾರ್ರೀ ಜವಾಬ್ದಾರಿ?' ಅನ್ನುವುದೇ ಎಲ್ಲರ ಮಾತು. ಕಂಪನಿಗಳು ಸಾಮಾನ್ಯವಾಗಿ ಬ್ಯಾಟರಿಗೆ 8 ವರ್ಷ ಇಲ್ಲವೇ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತವೆ ಅಂತ ಹೇಳಿದರೂ ಮುಖ ಅರಳಲಿಲ್ಲ. ಬೆಂಗಳೂರಿಗೆ ಒಯ್ದು ಮಾರಿದರೆ ಜಾಸ್ತಿ ಸಿಗಬಹುದು. ಆದರೆ ಒಯ್ಯಬೇಕಲ್ಲ. ಈ ತಲೆನೋವು ಲೀಸ್‌ನವನಿಗೆ ಇಲ್ಲ. ನಾನು ತಿಂಗಳಿಗೆ ಕೊಡುವ ಹಣದಲ್ಲಿ ಒಂದು ಪಾಲು ಈ ನೆಮ್ಮದಿಗೇ ಹೋಗುತ್ತದೆ ಅಂತ ತಿಳಿದುಕೊಂಡಿದ್ದೇನೆ.

ತೆರಿಗೆಯ ವಿಷಯ ಬೇಗ ಮುಗಿಸುತ್ತೇನೆ. ನನ್ನ ಕಾರಿನ ಬಾಡಿಗೆಯನ್ನು ತೆರಿಗೆ ಲೆಕ್ಕ ಹಾಕುವ ಮುಂಚೆಯೇ ಸಂಬಳದಲ್ಲಿ ಕಳೆಯುತ್ತಾರೆ, ಅದರಿಂದ ಒಂದಷ್ಟು ಉಳಿತಾಯ. ಆದರೆ ತಮ್ಮನಿಗೂ ಲಾಭವಿದೆ. ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಿಕ್ ವಾಹನಕ್ಕೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ 40ರಷ್ಟು ಸವಕಳಿ, ಅಂದರೆ ಹಳತಾಗಿ ಇಳಿದ ಬೆಲೆಯನ್ನು ಖರ್ಚಾಗಿ, ತೋರಿಸಬಹುದು. ಮಾಮೂಲಿ ಕಾರಿಗೆ ಅದು ಶೇ 15. ಸಂಬಳವೂ ಇಲ್ಲ, ವ್ಯಾಪಾರದ ಲೆಕ್ಕಪತ್ರವೂ ಇಲ್ಲ ಅನ್ನುವವರಿಗೆ ಲೀಸ್ ನನ್ನ ಮಟ್ಟಿಗೆ ದುಬಾರಿ.

ಭಾವನ ದಾರಿ ಸ್ವಲ್ಪ ವಿಚಿತ್ರ. ಅವರದು ಎಂಜಿ ವಿಂಡ್ಸರ್. 2024ರ ಸೆಪ್ಟೆಂಬರ್‌ನಲ್ಲಿ ಈ ಕಾರು ಬಂದಾಗ ಬ್ಯಾಟರಿ ಬಿಟ್ಟು 9.99 ಲಕ್ಷ, ಜೊತೆಗೆ ಓಡಿಸಿದ ಪ್ರತಿ ಕಿಲೋಮೀಟರಿಗೆ 3.5 ರೂಪಾಯಿ ಅಂದಿದ್ದರು. ಬ್ಯಾಟರಿ ಸಮೇತ ಪೂರ್ತಿ ಕೊಳ್ಳುವುದಾದರೆ 13.5 ಲಕ್ಷ. ವ್ಯತ್ಯಾಸ ಮೂರೂವರೆ ಲಕ್ಷ. ಅದನ್ನು ಮೂರೂವರೆ ರೂಪಾಯಿಯಿಂದ ಭಾಗಿಸಿ ನೋಡಿ, ಸರಿಯಾಗಿ ಒಂದು ಲಕ್ಷ ಕಿಲೋಮೀಟರ್! ಅಷ್ಟು ಓಡಿಸುವ ತನಕ ಬಾಡಿಗೆಯವರು ಮುಂದೆ, ಆಮೇಲೆ ಕೊಂಡವರು ಮುಂದೆ. ಬಡ್ಡಿ ಸೇರಿಸಿದರೆ ಆ ಗೆರೆ ಇನ್ನೂ ಸ್ವಲ್ಪ ಆಚೆ ಹೋಗುತ್ತದೆ.

ಕೇಳೋಕೆ ಚೆನ್ನಾಗಿದೆ. ಓಡಿಸುವಾಗ ಮನಸ್ಸು ಬೇರೆ ಲೆಕ್ಕ ಹಾಕುತ್ತದೆ. ಮನೆಯ ಕರೆಂಟಿನಲ್ಲಿ ಯೂನಿಟ್‌ಗೆ 7 ಕಿಲೋಮೀಟರ್ ಓಡಿದರೆ ಕರೆಂಟಿನ ಖರ್ಚು ಕಿಲೋಮೀಟರಿಗೆ ಒಂದು ರೂಪಾಯಿಯೂ ಆಗುವುದಿಲ್ಲ. ಬ್ಯಾಟರಿ ಬಾಡಿಗೆ ಸೇರಿದರೆ ನಾಲ್ಕೂಕಾಲು ರೂಪಾಯಿಗೆ ಏರುತ್ತದೆ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿಗೆ ಏಳು ರೂಪಾಯಿಯ ಹತ್ತಿರ ಬೀಳುತ್ತದೆ. ಉಳಿತಾಯ ಇದೆ, ಆದರೆ 'ಪುಕ್ಕಟೆ ಓಡುತ್ತೆ' ಅನ್ನುವ ಆ ಖುಷಿ ಇಲ್ಲ. ಕೊಪ್ಪಳದಿಂದ ಹೊಸಪೇಟೆಗೆ ಹೋಗೋಣ ಅಂದರೆ ಅಕ್ಕ 'ಬಸ್ಸಿಗೇ ಹೋಗೋಣ ಬಿಡಿ, ಸರ್ಕಾರ ಹೆಂಗಸರಿಗೆ ಫ್ರೀ ಕೊಟ್ಟಿದೆ' ಅನ್ನುತ್ತಾಳೆ. ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ಬಾಡಿಗೆ ಕಟ್ಟಲೇಬೇಕು ಅನ್ನುವ ಷರತ್ತನ್ನೂ ಕೆಲವು ಫೈನಾನ್ಸ್‌ನವರು ಹಾಕುತ್ತಾರೆ. ಕಾರು ಮನೆ ಮುಂದೆ ನಿಂತಿದ್ದರೂ ಮೀಟರ್ ನಿಲ್ಲುವುದಿಲ್ಲ. ಕಡಿಮೆ ಓಡಿಸುವವರು ಈ ದಾರಿ ಹಿಡಿಯುವ ಮುಂಚೆ ಆ ಒಂದು ಸಾಲನ್ನು ಕನ್ನಡಕ ಹಾಕಿಕೊಂಡು ಓದಬೇಕು.

ಈಗ ಲೀಸ್‌ನ ನಿಜವಾದ ತೊಂದರೆಗೆ ಬರುತ್ತೇನೆ. ಅದು ಬಾಡಿಗೆಯಲ್ಲಿ ಇಲ್ಲ, ಷರತ್ತಿನಲ್ಲಿದೆ. ಆ ಕರಾರು ಬೆಂಗಳೂರಿನ ಟೆಕ್ ಪಾರ್ಕಿಗೆ ಹೋಗಿಬರುವವರನ್ನು ನೋಡಿ ಬರೆದದ್ದು, ಅದಿರು ಲಾರಿಗಳ ಹಿಂದೆ ಹೋಗುವವರನ್ನು ನೋಡಿ ಅಲ್ಲ.

ಮೊದಲನೆಯದು ಕಿಲೋಮೀಟರ್ ಮಿತಿ. ನನ್ನ ಕರಾರಿನಲ್ಲಿ ವರ್ಷಕ್ಕೆ 20 ಸಾವಿರ. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿಬರಲು 60 ಕಿಲೋಮೀಟರಿನ ಮೇಲೆ. ತಿಂಗಳಿಗೆ 25 ದಿನ ಅಂದರೆ 1,500, ವರ್ಷಕ್ಕೆ 18 ಸಾವಿರ ಕೆಲಸಕ್ಕೇ ಹೋಯಿತು. ಉಳಿದ ಎರಡು ಸಾವಿರದಲ್ಲಿ ಹಂಪಿ, ಮಂತ್ರಾಲಯ, ತವರು ಮನೆ ಎಲ್ಲ ಆಗಬೇಕು. ಬೆಂಗಳೂರಿಗೆ ಒಂದು ಸಲ ಹೋಗಿಬಂದರೆ 600 ಮುಗಿಯಿತು. ಮಿತಿ ದಾಟಿದರೆ ಪ್ರತಿ ಕಿಲೋಮೀಟರಿಗೂ ಬೇರೆ ದರ.

ಎರಡನೆಯದು ಗಾಜು ಮತ್ತು ಬಣ್ಣ. ಹೊಸಪೇಟೆ ರಸ್ತೆಯಲ್ಲಿ, ಸಂಡೂರಿನ ಕಡೆ ಓಡಾಡುವವರಿಗೆ ಹೇಳಬೇಕಿಲ್ಲ. ಮುಂದಿನ ಲಾರಿಯಿಂದ ಚಿಕ್ಕ ಕಲ್ಲು ಹಾರಿ ಗಾಜಿಗೆ ಟಪ್ ಅಂತ ಬಡಿಯುತ್ತದೆ. ಬಿಳಿ ಕಾರಿನ ಚಕ್ರದ ಸುತ್ತ ಕೆಂಪು ಧೂಳು ಕೂತುಬಿಟ್ಟರೆ ತೊಳೆದರೂ ಹೋಗುವುದಿಲ್ಲ. ತಮ್ಮನ ಕಾರಿನ ಗಾಜಿನಲ್ಲೂ ಅಂಥ ಚುಕ್ಕೆ ಇದೆ, ಅವನು ನೋಡಿಯೂ ನೋಡದ ಹಾಗೆ ಓಡಿಸುತ್ತಾನೆ. ನನಗೆ ಹಾಗಾಗುವುದಿಲ್ಲ. ವಾಪಸ್ ಕೊಡುವ ದಿನ ಒಬ್ಬರು ಬಂದು ಗೀರು, ತಗ್ಗು, ಟೈರು, ಸೀಟು ಎಲ್ಲ ಫೋಟೋ ತೆಗೆಯುತ್ತಾರೆ. ಬಳಕೆಯಿಂದ ಆಗುವ ಸವೆತಕ್ಕೆ ವಿನಾಯಿತಿ ಅಂತ ಕರಾರು ಹೇಳುತ್ತದೆ. ಆದರೆ ಯಾವುದು ಸವೆತ, ಯಾವುದು ಹಾನಿ ಅಂತ ತೀರ್ಮಾನಿಸುವವರು ಅವರೇ. ಅದಕ್ಕೇ ಕಾರು ಬಂದ ದಿನವೇ ಸುತ್ತಲೂ ವಿಡಿಯೊ ಮಾಡಿ ಇಟ್ಟುಕೊಂಡಿದ್ದೇನೆ. ಲೀಸ್ ತಗೊಳ್ಳುವವರೆಲ್ಲ ಇಷ್ಟಾದರೂ ಮಾಡಿ.

ಗಾಜು ಒಮ್ಮೆ ಪೂರ್ತಿ ಸೀಳಿದಾಗ ಇನ್ನೊಂದು ವಿಷಯ ಗೊತ್ತಾಯಿತು. ರಿಪೇರಿ ಮುಗಿಯುವ ತನಕ ಬದಲಿ ಕಾರು ಅಂತ ಕರಾರಿನಲ್ಲಿತ್ತು. ಆದರೆ ಅದನ್ನು ಕೊಡುವ ಊರುಗಳ ಪಟ್ಟಿ ಬೇರೆ ಇತ್ತು, ಅದರಲ್ಲಿ ಬಳ್ಳಾರಿ ಇಲ್ಲ. ಗಾಜು ಬರುವ ತನಕ ಸಹೋದ್ಯೋಗಿಯ ಬೈಕಿನ ಹಿಂದೆ ಕೂತು ಕೆಲಸಕ್ಕೆ ಹೋದೆ. ತಮ್ಮನಾಗಿದ್ದರೆ ಪರಿಚಯದ ಗ್ಯಾರೇಜಿಗೆ ಹೋಗಿ ಸಂಜೆಯೊಳಗೆ ಏನೋ ಒಂದು ಮಾಡಿಸುತ್ತಿದ್ದ. ನನಗೆ ಪ್ರತಿಯೊಂದಕ್ಕೂ ಇಮೇಲ್, ಒಪ್ಪಿಗೆ, ಮತ್ತೆ ಇಮೇಲ್. ಕಾರು ನನ್ನದಲ್ಲ, ಆರ್‌ಸಿಯಲ್ಲಿ ಹೆಸರು ಅವರದು. ಆಯುಧ ಪೂಜೆಗೆ ಅಮ್ಮ ಇದನ್ನೇ ಕೇಳಿದರು: 'ಬಾಡಿಗೆ ಕಾರಿಗೂ ಕುಂಬಳಕಾಯಿ ಒಡೆಯಬೇಕೇನಪ್ಪಾ?' ಒಡೆದೆವು ಅನ್ನಿ.

ಮೂರಕ್ಕೂ ಸೇರಿದ ಒಂದು ಖರ್ಚನ್ನು ಶೋರೂಂನವರು ಯಾರೂ ಹೇಳುವುದಿಲ್ಲ. ಅದು ಗೃಹಜ್ಯೋತಿ, ಅಂದರೆ ಮನೆಗೆ 200 ಯೂನಿಟ್‌ವರೆಗೆ ಸರ್ಕಾರ ಕೊಡುವ ಉಚಿತ ಕರೆಂಟು, ಕೈ ತಪ್ಪುವುದು. ತಿಂಗಳಿಗೆ 1,000 ಕಿಲೋಮೀಟರ್ ಓಡಿದರೆ 150 ಯೂನಿಟ್ ಸುಲಭವಾಗಿ ಆಗುತ್ತದೆ. ಮನೆಯ ಬಳಕೆ ಸೇರಿದರೆ 200 ದಾಟುತ್ತದೆ. ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು, ಮೇಲಿನ ಯೂನಿಟ್‌ಗಳಿಗೆ ಮಾತ್ರ ಅಲ್ಲ. ತಮ್ಮನ ಮನೆಗೆ ಜೆಸ್ಕಾಂ ಬಿಲ್ಲು ಸೊನ್ನೆ ಬರುತ್ತಿತ್ತು, ಕಾರು ಬಂದ ಮೇಲೆ ಆ ಸುಖ ಹೋಯಿತು. ಚಾರ್ಜಿಂಗ್‌ಗೆ ಬೇರೆ ಮೀಟರ್ ಹಾಕಿಸಿಕೊಳ್ಳಬಹುದು, ಸ್ವಂತ ಮನೆ ಇದ್ದವರಿಗೆ ಅದು ಒಳ್ಳೆಯದು. ನಾನು ಬಾಡಿಗೆ ಮನೆಯವನು. ದೊಡ್ಡ ಚಾರ್ಜರ್ ಹಾಕಿಸಲು ಮನೆಗೆ ಮಂಜೂರಾದ ಕರೆಂಟ್ ಲೋಡು ಏರಿಸಬೇಕು, ಮನೆ ಮಾಲೀಕರು ಒಪ್ಪಲಿಲ್ಲ. 15 ಆಂಪ್ ಪ್ಲಗ್ಗಿನಲ್ಲೇ ರಾತ್ರಿಯಿಡೀ ಹಾಕುತ್ತೇನೆ.

ಬಿಸಿಲಿನ ಬಗ್ಗೆ ಒಂದು ಮಾತು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಆ ಬಿಸಿ ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ. ತಮ್ಮ ನೆರಳು ಹುಡುಕಿ ನಿಲ್ಲಿಸುತ್ತಾನೆ, ಶೇ 80ಕ್ಕೆ ಚಾರ್ಜ್ ನಿಲ್ಲಿಸುತ್ತಾನೆ. ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಲೀಸ್‌ನ ಗುಣವೋ ನನ್ನ ಗುಣವೋ, ಹೆಂಡತಿ ಎರಡನೆಯದು ಅನ್ನುತ್ತಾಳೆ.

ವರ್ಗಾವಣೆಯ ಕೆಲಸದಲ್ಲಿ ಇರುವವರಿಗೆ, ಎರಡು ಮೂರು ವರ್ಷದಲ್ಲಿ ಊರು ಬಿಡುವವರಿಗೆ ನಾನು ಲೀಸೇ ಹೇಳುತ್ತೇನೆ. ಆದರೆ ಮಧ್ಯದಲ್ಲೇ ಬಿಟ್ಟರೆ ಎಷ್ಟು ದಂಡ ಅಂತ ಮೊದಲೇ ಬರಹದಲ್ಲಿ ತಗೊಳ್ಳಿ. ಇಲ್ಲೇ ಮನೆ, ಇಲ್ಲೇ ಅಂಗಡಿ ಅನ್ನುವವರು ತಮ್ಮನ ಹಾಗೆ ಕೊಂಡು, ಏಳೆಂಟು ವರ್ಷ ಓಡಿಸಿಬಿಡುವುದು ವಾಸಿ. ಆಗ ಹಳೆ ಕಾರಿನ ರೇಟಿನ ಚಿಂತೆಯೂ ಅರ್ಧ ಕಡಿಮೆ.

ನನ್ನ ಲೀಸ್ ಮುಗಿಯಲು ಬಂದಿದೆ. ಕಾರನ್ನು ನಾನೇ ಇಟ್ಟುಕೊಂಡರೆ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದ್ದೇನೆ, ಇನ್ನೂ ಉತ್ತರ ಇಲ್ಲ. ಒಂದು ಗಂಟು ಇದೆ. ಕೆಲವು ಕಂಪನಿಗಳ ಆಜೀವ ಬ್ಯಾಟರಿ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಮೂರು ವರ್ಷ ನಾನೇ ಓಡಿಸಿದರೂ ಕಾಗದದಲ್ಲಿ ನಾನು ಎರಡನೇ ಮಾಲೀಕ. ಆರ್‌ಟಿಓದಲ್ಲಿ ಹೆಸರು ಬದಲಿಸುವ ಖರ್ಚು ಬೇರೆ. ಐದೂವರೆ ಲಕ್ಷದೊಳಗೆ ಹೇಳಿದರೆ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ಜಾಸ್ತಿ ಹೇಳಿದರೆ ಕೀ ಅವರಿಗೆ, ನಾನು ಬ್ಯಾಂಕಿಗೆ.