ಬಲೂನ್ ಸೈನುಪ್ಲಾಸ್ಟಿ: ಯಾವ ಮೂಗಿಗೆ ಸರಿ, ಯಾವುದಕ್ಕೆ ದಂಡ

ಮೂಗು ಕಟ್ಟುವುದು, ಗಂಟಲಿಗೆ ಕಫ ಇಳಿಯುವುದು, ವಾಸನೆ ಗೊತ್ತಾಗದಿರುವುದು 12 ವಾರ ದಾಟಿದ ಮೇಲೂ ನಿಲ್ಲದಿದ್ದರೆ ದೀರ್ಘಕಾಲದ ಸೈನಸೈಟಿಸ್ (ಮೂಗಿನ ಸುತ್ತಲ ಮೂಳೆಗಳೊಳಗಿನ ಗಾಳಿಗೂಡುಗಳಾದ ಸೈನಸ್ಸುಗಳ ಉರಿಯೂತ) ಇದೆಯೇ ಎಂದು ಇಎನ್‌ಟಿ ಡಾಕ್ಟರು ನೋಡುತ್ತಾರೆ. ಸ್ಟೀರಾಯ್ಡ್ ಸ್ಪ್ರೇ, ಮಾತ್ರೆ, ಉಪ್ಪುನೀರಿನಿಂದ ತೊಳೆಯುವುದು ಎಲ್ಲ ಆದರೂ ಬಗ್ಗದಿದ್ದಾಗ ಎರಡು ದಾರಿ ಉಳಿಯುತ್ತವೆ: ಫೆಸ್ ಎಂದು ಕರೆಯುವ ಎಂಡೋಸ್ಕೋಪಿ ಆಪರೇಷನ್, ಇಲ್ಲವೇ ಸೈನಸ್ಸಿನ ಕಿರಿದಾದ ಬಾಯನ್ನು ಪುಟ್ಟ ಬಲೂನ್ ಊದಿ ಅಗಲಿಸುವ ಬಲೂನ್ ಸೈನುಪ್ಲಾಸ್ಟಿ. ಬಲೂನ್ ಒಳ್ಳೆಯ ಸಾಧನವೇ. ಆದರೆ ಅದು ಮಾಡಬಲ್ಲ ಕೆಲಸ ಜಾಹೀರಾತಿನಲ್ಲಿ ಕಾಣುವುದಕ್ಕಿಂತ ಬಹಳ ಕಡಿಮೆ.

ಅಕ್ಲಾರೆಂಟ್ ಕಂಪನಿಯ ಬಲೂನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಒಪ್ಪಿಗೆ ಕೊಟ್ಟಿತು. ವಿಧಾನ ಸರಳ. ಮೂಗಿನೊಳಗೆ ಎಂಡೋಸ್ಕೋಪ್ ಇಟ್ಟು, ಬಾಗಿದ ಕೊಳವೆಯ ಮೂಲಕ ತುದಿಯಲ್ಲಿ ಬೆಳಕಿರುವ ಸಣ್ಣ ತಂತಿಯನ್ನು ಸೈನಸ್ಸಿನ ಬಾಯೊಳಗೆ ತೂರಿಸುತ್ತಾರೆ. ತಂತಿ ಸರಿಯಾದ ಜಾಗದಲ್ಲಿದ್ದರೆ ಹಣೆ ಅಥವಾ ಕೆನ್ನೆಯ ಚರ್ಮದಡಿ ಕೆಂಪು ಬೆಳಕಿನ ಚುಕ್ಕೆ ಕಾಣುತ್ತದೆ. ಅದರ ಮೇಲೆ ಬಲೂನ್ ಜಾರಿಸಿ, ಪಂಪಿನಿಂದ ಸಲೈನ್ ತುಂಬಿ, ಒತ್ತಡವನ್ನು ಸುಮಾರು 10–12 ಅಟ್ಮಾಸ್ಫಿಯರ್‌ಗೆ ಏರಿಸಿ ಕೆಲವು ಸೆಕೆಂಡು ಹಿಡಿಯುತ್ತಾರೆ. ಬಲೂನಿನ ಅಗಲ ಸಾಮಾನ್ಯವಾಗಿ 5ರಿಂದ 7 ಮಿ.ಮೀ. ಸುತ್ತಲಿನ ತೆಳು ಮೂಳೆ ಸೂಕ್ಷ್ಮವಾಗಿ ಬಿರಿದು ದಾರಿ ಅಗಲವಾಗುತ್ತದೆ. ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಿದರೆ ರೋಗಿಗೆ ಚಟಪಟ ಸದ್ದು ಕೇಳಿಸಬಹುದು. ಇದನ್ನು ಮೊದಲೇ ಹೇಳಿಟ್ಟರೆ ಗಾಬರಿಯಾಗುವುದಿಲ್ಲ.

ಕೆನ್ನೆ, ಹಣೆ ಮತ್ತು ಹಿಂಭಾಗದ ಸ್ಫೀನಾಯ್ಡ್ ಸೈನಸ್ಸುಗಳಿಗೆ ಒಂದೊಂದು ಬಾಯಿ ಇದೆ, ಅಲ್ಲಿ ಬಲೂನ್ ನಡೆಯುತ್ತದೆ. ಎರಡು ಕಣ್ಣುಗಳ ನಡುವಿನ ಎತ್ಮಾಯ್ಡ್ ಮಾತ್ರ ಜೇನುಗೂಡಿನಂತೆ ಹಲವು ಕೋಣೆಗಳದ್ದು. ಬಲೂನ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೂಗಿನ ದುರ್ಮಾಂಸ, ಫಂಗಸ್ ಉಂಡೆ, ಅಲರ್ಜಿಯ ಫಂಗಲ್ ಸೈನಸೈಟಿಸ್ ಇದ್ದರಂತೂ ಬೇಡವೇ ಬೇಡ. ಅವನ್ನು ಕೆತ್ತಿ ಹೊರತೆಗೆಯಬೇಕು, ಬಲೂನ್ ಏನನ್ನೂ ತೆಗೆಯುವುದಿಲ್ಲ. ಒಂದೇ ಬದಿಯ ಕೆನ್ನೆ ಸೈನಸ್ಸಿನಲ್ಲಿ ದುರ್ವಾಸನೆಯ ಕೀವು ಇದ್ದರೆ ಮೊದಲು ಮೇಲಿನ ದವಡೆ ಹಲ್ಲಿನ ಬೇರನ್ನು ಪರೀಕ್ಷಿಸಿ. ಹಲ್ಲು ಕೊಳೆತಿದ್ದರೆ ಎಷ್ಟು ಅಗಲಿಸಿದರೂ ಕೀವು ಮತ್ತೆ ತುಂಬುತ್ತದೆ. ಬೆಂಗಳೂರಿನ ಪಾರ್ಥೇನಿಯಂ ಪರಾಗದಿಂದ ಬರುವ ಅಲರ್ಜಿಗೂ ಇದು ಮದ್ದಲ್ಲ. ಬಲೂನ್ ಆದ ಮೇಲೂ ಸ್ಪ್ರೇ ಬಿಡುವಂತಿಲ್ಲ.

ಅತಿ ಹೆಚ್ಚು ದುರುಪಯೋಗ ಆಗುವುದು ತಲೆನೋವಿನ ಹೆಸರಲ್ಲಿ. 'ಸೈನಸ್ ತಲೆನೋವು' ಎಂದು ಬರುವವರಲ್ಲಿ ಬಹಳ ಜನರಿಗೆ ಇರುವುದು ಮೈಗ್ರೇನ್. ಲಕ್ಷಣವೂ ಇರಬೇಕು, ಸಿ.ಟಿ. ಸ್ಕ್ಯಾನಿನಲ್ಲಿ ರೋಗವೂ ಕಾಣಬೇಕು, ಎರಡರಲ್ಲಿ ಒಂದಿಲ್ಲದಿದ್ದರೂ ಬಲೂನ್ ಹಾಕುವುದು ಸರಿಯಲ್ಲ ಎಂದು ಅಮೆರಿಕದ ಇಎನ್‌ಟಿ ವೈದ್ಯರ ಅಕಾಡೆಮಿ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಸ್ಕ್ಯಾನ್ ತೋರಿಸದೆ ದಿನಾಂಕ ಕೊಡುವ ಕಡೆ ನಿಲ್ಲಬೇಡಿ.

ಕೈ ತಪ್ಪುವುದು ಎಲ್ಲಿ? ಕೆನ್ನೆ ಸೈನಸ್ಸಿನ ನಿಜವಾದ ಬಾಯಿ ಅನ್ಸಿನೇಟ್ ಎಂಬ ತೆಳು ಮೂಳೆಯ ಹಿಂದೆ ಅಡಗಿರುತ್ತದೆ. ಫೆಸ್‌ನಲ್ಲಿ ಅದನ್ನು ತೆಗೆದು ಕಣ್ಣಾರೆ ನೋಡುತ್ತಾರೆ, ಬಲೂನಿನಲ್ಲಿ ಹಾಗೇ ಬಿಡುತ್ತಾರೆ. ಕೆಲವರಿಗೆ ಹಿಂದೆ ಇನ್ನೊಂದು ಹೆಚ್ಚುವರಿ ತೂತು ಇರುತ್ತದೆ. ತಂತಿ ಅದರೊಳಗೆ ಹೋದರೂ ಕೆನ್ನೆಯಲ್ಲಿ ಬೆಳಕು ಕಾಣುತ್ತದೆ! ತಪ್ಪು ತೂತು ಅಗಲವಾದರೆ ಒಂದರಿಂದ ಹೊರಬಂದ ಲೋಳೆ ಇನ್ನೊಂದರಿಂದ ಒಳಹೋಗಿ ಸುತ್ತುತ್ತಲೇ ಇರುತ್ತದೆ, ಕಾಯಿಲೆ ಇದ್ದಲ್ಲೇ ಇರುತ್ತದೆ. ಹಾಗಾಗಿ ಫೆಸ್‌ನಲ್ಲೂ ಕೈ ಪಳಗಿದ ಸರ್ಜನ್ ಇದನ್ನು ಮಾಡಬೇಕು.

ಫೆಸ್‌ಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು, ವಾರದ ರಜೆ ಬೇಕು, ಆಮೇಲೆ ಹೆಪ್ಪು ತೆಗೆಸಲು ಓಡಾಟವಿದೆ. ಬಲೂನ್ ಆದವರು ಒಂದೆರಡು ದಿನದಲ್ಲಿ ಕೆಲಸಕ್ಕೆ ಹೋಗಬಹುದು, ರಕ್ತವೂ ಕಡಿಮೆ. ದುರ್ಮಾಂಸ ಇಲ್ಲದ, ಒಂದೆರಡು ಬಾಯಿಗಳಷ್ಟೇ ಕಿರಿದಾದ ರೋಗಿಗೆ, ಮುಖ್ಯವಾಗಿ ಹಣೆ ಸೈನಸ್ಸಿಗೆ, ನಮ್ಮ ಮತ ಬಲೂನಿಗೇ. ಉಳಿದವರಿಗೆ ಫೆಸ್ ಮಾಡಿಸುವುದೇ ಮೇಲು.

ಖರ್ಚಿನ ದೊಡ್ಡ ಪಾಲು ಬಲೂನಿನ ಕಿಟ್. ಅದು ಒಮ್ಮೆ ಮಾತ್ರ ಬಳಸುವ ವಸ್ತು. ಪೊಟ್ಟಣದ ಮೇಲಿನ ಸ್ಟಿಕ್ಕರ್ ನಿಮ್ಮ ಫೈಲಿನಲ್ಲಿ ಅಂಟಿಸಿದ್ದಾರೆಯೇ ನೋಡಿಕೊಳ್ಳಿ. ವಿಮೆ ಕಂಪನಿಗಳು ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಹೊರಡಿಸಿತು, ಅದರಲ್ಲಿ ಬಲೂನ್ ಸೈನುಪ್ಲಾಸ್ಟಿ ಇದೆ. ಆದರೆ ಪಾಲಿಸಿಯಲ್ಲಿ ಇದಕ್ಕೇ ಬೇರೆ ಮಿತಿ ಇರಬಹುದು, ಸೈನಸೈಟಿಸ್‌ಗೆ 24 ತಿಂಗಳು ಕಾಯಬೇಕೆಂಬ ಷರತ್ತೂ ಅನೇಕ ಪಾಲಿಸಿಗಳಲ್ಲಿದೆ. ಮುಂಗಡ ಒಪ್ಪಿಗೆ ಲಿಖಿತವಾಗಿ ಪಡೆಯಿರಿ.

ಮನೆಗೆ ಬಂದ ಮೇಲೆ ಡಾಕ್ಟರು ಹೇಳಿದ ದಿನದಿಂದ ಮೂಗು ತೊಳೆಯಬೇಕು: ಕುದಿಸಿ ಆರಿಸಿದ 240 ಮಿ.ಲೀ. ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ನಲ್ಲಿ ನೀರನ್ನು ನೇರವಾಗಿ ಹಾಕಲೇಬಾರದು. ಡಾಕ್ಟರು ಹೇಳುವವರೆಗೆ ಮೂಗು ಸೀದಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಬಗ್ಗಿದಾಗ ಒಂದು ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ, ಕಣ್ಣು ಊದಿದರೆ, ನೋಟ ಮಂಜಾದರೆ ಅಥವಾ ಎರಡೆರಡಾಗಿ ಕಂಡರೆ ಬೆಳಗಿನವರೆಗೂ ಕಾಯದೆ ಆಸ್ಪತ್ರೆಗೆ ಹೋಗಿ.