ಡಿವೋರ್ಸ್ ಕೇಸಿಗೆ ಯಾವ ಲಾಯರ್: ಸಿವಿಲ್ ಸೀನಿಯರ್ರಾ, ಫ್ಯಾಮಿಲಿ ಕೋರ್ಟಲ್ಲೇ ಇರೋರಾ?

ನಮ್ಮಕ್ಕನ ಕೇಸಿಗೆ ಬೆಂಗಳೂರಲ್ಲಿ ಇಬ್ರನ್ನ ನೋಡಿದ್ವಿ. ಒಬ್ರು 25 ವರ್ಷ ಸಿವಿಲ್ ಕೇಸು ನಡೆಸಿರೋ ಸೀನಿಯರ್, ಸೈಟು ಮನೆ ಪಾಲು ಅಂದ್ರೆ ಪತ್ರ ಕೈಗೆ ತಗೊಂಡ ತಕ್ಷಣ ತಪ್ಪು ಹಿಡೀತಾರೆ, ಆದ್ರೆ ಡೇಟಿಗೆ ಬರೋದು ಜೂನಿಯರ್ರು. ಇನ್ನೊಬ್ರು 12 ವರ್ಷದಿಂದ ಫ್ಯಾಮಿಲಿ ಕೋರ್ಟ್ ಇರೋ ಸಿದ್ದಯ್ಯ ರೋಡಿನ ನ್ಯಾಯದೇಗುಲದಲ್ಲೇ ಓಡಾಡ್ಕೊಂಡಿರೋರು, ಮೀಡಿಯೇಷನ್ ಟ್ರೈನಿಂಗೂ ಆಗಿದೆ, ಅಕ್ಕ ಅಳ್ತಿದ್ರೆ ಪೆನ್ ಕೆಳಗಿಟ್ಟು ಸುಮ್ನೆ ಕೂತ್ರು, ಆಮೇಲೆ ಮಗೂನ ಸ್ಕೂಲಿಗೆ ಯಾರು ಬಿಟ್ಟು ಬರ್ತಾರೆ ಅಂತ ಕೇಳಿದ್ರು. ಇಬ್ರೂ ಒಪ್ಪಿದ ಡಿವೋರ್ಸಲ್ಲಿ ಆರು ತಿಂಗಳು ಕಾಯೋದನ್ನ ಕೋರ್ಟ್ ಮನ್ನಾ ಮಾಡಬಹುದು ಅನ್ನೋ 2017ರ ಸುಪ್ರೀಂ ಕೋರ್ಟ್ ತೀರ್ಪನ್ನ ಹೇಳಿದ್ದೂ ಅವರೇ. ಮಗು, ಮೇಂಟೆನೆನ್ಸ್ ವಿಷ್ಯ ಇದ್ರೆ ಇವರಂಥೋರೇ ವಾಸಿ, ಆಸ್ತಿ ಜಗಳ ಜೋರಿದ್ರೆ ಮಾತ್ರ ಸೀನಿಯರ್. ಯಾರೇ ಆಗ್ಲಿ, ವಕಾಲತ್ತಿಗೆ (ನಮ್ಮ ಪರ ಕೇಸ್ ನಡೆಸೋಕೆ ಲಾಯರ್‌ಗೆ ಕೊಡೋ ಒಪ್ಪಿಗೆ ಪತ್ರ) ಸೈನ್ ಹಾಕೋ ಮುಂಚೆ ಬಾರ್ ಕೌನ್ಸಿಲ್ ಎನ್‌ರೋಲ್‌ಮೆಂಟ್ ನಂಬರ್ ನೋಡಿ, ಅದರ ಕೊನೇಲಿರೋದು ಸೇರಿದ ವರ್ಷ.