ರಾಗಿಗೆ ಗುಲಾಬಿ ಬ್ಯಾಕ್ಟೀರಿಯಾ: ನಾಲ್ಕು ಮುಂಗಾರು ಬಳಸಿದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಮಳೆಯೇ ಬಾರದಿದ್ದರೆ ಈ ಬ್ಯಾಕ್ಟೀರಿಯಾ ಬಾಟಲಿಯಿಂದ ರಾಗಿ ಬೆಳೆಯೋದಿಲ್ಲ. ಎಂಟು ಹತ್ತು ದಿನ ತಡವಾಗಿ ಬರುವ ಮಳೆಗೆ ಪೈರು ಕಾದು ಕೂರುವ ಹಾಗೆ ಮಾಡುತ್ತೆ, ಅಷ್ಟೆ. ಅಷ್ಟಕ್ಕೇ ನಾನು ನಾಲ್ಕು ವರ್ಷದಿಂದ ದುಡ್ಡು ಕೊಡುತ್ತಿದ್ದೇನೆ. "ಬರ ನಿರೋಧಕ" ಅಂತ ದೊಡ್ಡಕ್ಷರದಲ್ಲಿ ಬರೆದ ಚೀಟಿ ನೋಡಿ ಕೊಳ್ಳುವವರು ಮುಂದಿನದನ್ನು ಓದಿ ಕೊಳ್ಳಿ.

ನಮ್ಮದು ಚಿಕ್ಕನಾಯಕನಹಳ್ಳಿ ತಾಲ್ಲೂಕು. ಎರಡು ಎಕರೆ ಖುಷ್ಕಿ, ಕೆಂಪು ಮಣ್ಣು, ಒಂದು ಅಡಿ ಅಗೆದರೆ ಗರಸು. ರಾಗಿ ತಳಿ ಜಿಪಿಯು 28, ಮಧ್ಯೆ ಅಕ್ಕಡಿ ಸಾಲಿಗೆ ಅವರೆ, ತೊಗರಿ. ಬಳಸುವುದು ಎರಡು ಪದಾರ್ಥ. ಬಿತ್ತನೆ ಬೀಜಕ್ಕೆ ಹಚ್ಚುವ ಅಜೋಸ್ಪಿರಿಲಂ ಅನ್ನೋ ಬ್ಯಾಕ್ಟೀರಿಯಾ ಒಂದು. ಎಲೆಗೆ ಸಿಂಪಡಿಸುವ ಗುಲಾಬಿ ಬ್ಯಾಕ್ಟೀರಿಯಾ ಪಿಪಿಎಫ್‌ಎಂ ಇನ್ನೊಂದು. ಈ ಎರಡನೆಯದನ್ನು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಬರಗಾಲದ ಸಿಂಪಡಣೆ ಅಂತಲೇ ರೈತರಿಗೆ ಹೇಳಿಕೊಡುತ್ತಾರೆ. ನನಗೆ ಮೊದಲು ತಂದುಕೊಟ್ಟವನು ಹೊಸೂರಿನ ಕಡೆ ಇರುವ ನನ್ನ ಷಡ್ಡಕ. ಬಾಟಲಿ ತಳದಲ್ಲಿ ರೋಜಾ ಶರಬತ್ತಿನ ಗಷ್ಟಿನ ಹಾಗೆ ಗುಲಾಬಿ ಬಣ್ಣ ಕೂತಿರುತ್ತೆ. ಅದು ಬೆರೆಸಿದ ಬಣ್ಣವಲ್ಲ, ಆ ಬ್ಯಾಕ್ಟೀರಿಯಾದ್ದೇ ಬಣ್ಣ. ಕ್ಯಾರೆಟ್ಟಿನಲ್ಲಿ ಇರುವಂಥ ಕ್ಯಾರೊಟಿನಾಯ್ಡ್ ಜಾತಿಯ ವರ್ಣ.

2021ರಲ್ಲಿ ಶುರು ಮಾಡಿದೆ. ಆ ವರ್ಷ ನವೆಂಬರಿನಲ್ಲಿ ಬಿದ್ದ ಮಳೆ ನೆನಪಿದೆಯಲ್ಲ? ಕೊಯ್ದ ರಾಗಿ ಹೊಲದಲ್ಲೇ ನೆನೆದು ತೆನೆಯಲ್ಲೇ ಮೊಳಕೆ ಬಂತು. ಬ್ಯಾಕ್ಟೀರಿಯಾ ಕೆಲಸ ಮಾಡಿತೋ ಇಲ್ಲವೋ ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. 2022ರಲ್ಲಿ ಕೆರೆ ಕೋಡಿ ಬೀಳುವಷ್ಟು ಮಳೆ. ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ಒಂದು ಎಳ್ಳಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ಆಗ ವಿಮರ್ಶೆ ಬರೆದಿದ್ದರೆ ಒಂದೇ ನಕ್ಷತ್ರ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ನಮಗೆ ಮಳೆ ನಕ್ಷತ್ರ ಇಪ್ಪತ್ತೇಳು, ವಿಮರ್ಶೆಯ ನಕ್ಷತ್ರ ಐದೇ. ಯಾವ ಮಳೆ ಕೈಕೊಟ್ಟ ವರ್ಷ ನೀವು ಬಳಸಿದಿರಿ ಅನ್ನೋದನ್ನು ಹೇಳದೆ ಈ ಐದರಲ್ಲಿ ಎಷ್ಟು ಕೊಟ್ಟರೂ ಸುಳ್ಳೇ.

2023 ಬಂತು. ಪುಷ್ಯ ಮಳೆಯ ಹದಕ್ಕೆ ಜುಲೈ ಕೊನೆಯಲ್ಲಿ ಬಿತ್ತಿದೆವು. ಆಮೇಲೆ ಆಶ್ಲೇಷ ಇಲ್ಲ, ಮಘೆ ಇಲ್ಲ. ಆ ಆಗಸ್ಟು 1901ರಿಂದ ಈಚೆಗೆ ಇಡೀ ದೇಶದಲ್ಲೇ ಅತಿ ಕಡಿಮೆ ಮಳೆ ಬಿದ್ದ ಆಗಸ್ಟು. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರದ ಪಟ್ಟಿಗೆ ಸೇರಿದವು, ನಮ್ಮದೂ ಸೇರಿತು.

ಬಿತ್ತುವ ದಿನ ಒಂದು ಎಡವಟ್ಟಾಗಿತ್ತು. ಹಚ್ಚಿ ನೆರಳಿಗೆ ಒಣಗಿಸಿದ್ದ ಬೀಜ ಕೊನೆಯ ನಾಲ್ಕು ಸಾಲಿಗೆ ಸಾಲದೆ ಬಂತು. ಹೊತ್ತು ಮುಳುಗುತ್ತಿತ್ತು, ಚೀಲದಲ್ಲಿ ಉಳಿದಿದ್ದ ಬರೀ ಬೀಜವನ್ನೇ ಕೂರಿಗೆಗೆ ಹಾಕಿ ಮುಗಿಸಿದೆವು. ಮಘೆಯ ಕೊನೆಯಲ್ಲಿ ಎಲೆಗೆ ಹೊಡೆಯುವಾಗಲೂ ಔಷಧಿ ಅದೇ ಹೊತ್ತಿಗೆ ಮುಗಿಯಿತು, ಅದೇ ನಾಲ್ಕು ಸಾಲು ಉಳಿಯಿತು. ನಾನು ಮರೆತೂ ಬಿಟ್ಟಿದ್ದೆ. ಆರೇಳು ದಿನ ಬಿಟ್ಟು ಬೆಳಗ್ಗೆ ಹತ್ತರ ಹೊತ್ತಿಗೆ ಬುತ್ತಿ ತಂದ ಮನೆಯವಳು ಬದುವಿನ ಮೇಲೆ ನಿಂತು ಕೇಳಿದಳು, "ಇದೇನ್ರೀ, ಈ ನಾಕು ಸಾಲು ಆಗಲೇ ಸುರುಳಿ ಸುತ್ತಿಕೊಂಡೈತೆ, ಮಿಕ್ಕಿದ್ದು ಇನ್ನೂ ಅಗಲವಾಗೇ ಐತಲ್ಲ?" ಹೌದು, ಗರಿಗಳು ಸೂಜಿಯ ಹಾಗೆ ಸುತ್ತಿಕೊಂಡಿದ್ದವು. ಪಕ್ಕದವು ಸುತ್ತಿಕೊಂಡಿದ್ದು ಮಧ್ಯಾಹ್ನ ದಾಟಿದ ಮೇಲೆ. ಮೂರು ಗಂಟೆಗೆ ಹೋಗಿ ನೋಡಿದ್ದರೆ ಎಲ್ಲ ಒಂದೇ ಥರ ಬಾಡಿರುತ್ತಿತ್ತು, ಗೊತ್ತೇ ಆಗುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ಬಿಸಿಲೇರುವ ಆ ಎರಡು ಮೂರು ಗಂಟೆಯಲ್ಲಿ. ಸಂಜೆ ತಣ್ಣಗಾದ ಮೇಲೆ ಚೇತರಿಸಿಕೊಳ್ಳುವುದರಲ್ಲೂ ಈ ನಾಲ್ಕು ಸಾಲು ಹಿಂದೆ.

ಎರಡೂ ಕಡೆಯಿಂದ ಒಂದೊಂದು ಬುಡ ಕಿತ್ತು ನೋಡಿದೆ. ಹಚ್ಚಿದ ಕಡೆಯ ಬೇರಿನಲ್ಲಿ ನವಿರು ಕೂದಲಿನಂಥ ಕವಲು ಜಾಸ್ತಿ, ಕೊಡವಿದರೂ ಮಣ್ಣು ಬಿಡದೆ ಅಂಟಿಕೊಂಡಿತ್ತು. ಇನ್ನೊಂದು ಕಡೆಯದು ಬರಿಗೈಯ ಹಾಗೆ ಬಂತು. ಅಜೋಸ್ಪಿರಿಲಂ ಬೇರಿನ ಸುತ್ತ ಸೇರಿಕೊಂಡು ಬೇರು ಕವಲೊಡೆಸುವ ಆಕ್ಸಿನ್ ಅನ್ನೋ ಹಾರ್ಮೋನನ್ನು ತಾನೇ ತಯಾರಿಸುತ್ತೆ. ಗಾಳಿಯ ಸಾರಜನಕ ಹಿಡಿದುಕೊಡುವುದು ಅದರ ಹೆಸರುವಾಸಿ ಕೆಲಸ, ಆದರೆ ಬರದಲ್ಲಿ ನಮಗೆ ಬೇಕಾದದ್ದು ಈ ಬೇರಿನ ಕೆಲಸವೇ. ಇಂಥ ಎಷ್ಟೋ ಬ್ಯಾಕ್ಟೀರಿಯಾಗಳು ಲೋಳೆಯಂಥ ಅಂಟು ಬಿಡುತ್ತವೆ. ಮಣ್ಣಿನ ಕಣಗಳನ್ನು ಬೇರಿಗೆ ಕಚ್ಚಿಸಿ ಒಂದಿಷ್ಟು ತೇವ ಹಿಡಿದಿಡುವುದು ಆ ಅಂಟು.

ಎಲೆಯ ಮೇಲಿನದರ ಕತೆ ಇನ್ನೂ ಸ್ವಾರಸ್ಯ. ಎಳೆ ಎಲೆ ಬೆಳೆಯುವಾಗ ಅದರ ಕೋಶಭಿತ್ತಿಯ ಪೆಕ್ಟಿನ್‌ನಿಂದ ಚೂರು ಮೆಥನಾಲ್ ಹೊರಬಂದು ಎಲೆಯ ರಂಧ್ರಗಳಿಂದ ಆವಿಯಾಗಿ ಹೋಗುತ್ತೆ. ನಮಗೆ ವಿಷವಾದ ಅದೇ ಮೆಥನಾಲ್ ಈ ಗುಲಾಬಿ ಬ್ಯಾಕ್ಟೀರಿಯಾಕ್ಕೆ ಊಟ. ಅದಕ್ಕೇ ಹೆಸರು ಮೆಥೈಲೋಬ್ಯಾಕ್ಟೀರಿಯಂ. ಎಲೆಯ ಮೇಲೆಯೇ ಸಂಸಾರ ಹೂಡಿ, ಎಲೆ ಬೇಗ ಮುದಿಯಾಗದ ಹಾಗೆ ತಡೆಯುವ ಸೈಟೋಕೈನಿನ್ ಹಾರ್ಮೋನು ಕೊಡುತ್ತೆ.

ಇನ್ನೊಂದು ಸಂಗತಿ ಬಾಳೆಮಂಡಿಯವರಿಗೆ ಚೆನ್ನಾಗಿ ಅರ್ಥವಾಗುತ್ತೆ. ಕಾಯಿ ಹಣ್ಣಾಗುವುದು ಎಥಿಲೀನ್ ಅನಿಲದಿಂದ ತಾನೆ? ನೀರು ಸಾಲದಾದಾಗ ಗಿಡ ಅದೇ ಎಥಿಲೀನನ್ನು ಮೈಯಲ್ಲಿ ಹೆಚ್ಚು ಮಾಡಿಕೊಳ್ಳುತ್ತೆ. ಬೇರು ಇಳಿಯೋದು ನಿಲ್ಲುತ್ತೆ, ಕೆಳಗಿನ ಎಲೆ ಹಣ್ಣಾಗಿ ಉದುರುತ್ತೆ. ಒಂಥರಾ ಗಿಡವೇ ಅಂಗಡಿ ಮುಚ್ಚಲು ಶುರು ಮಾಡಿದ ಹಾಗೆ. ಎಥಿಲೀನ್ ಆಗುವ ಮೊದಲಿನ ಕಚ್ಚಾಮಾಲಿಗೆ ಎಸಿಸಿ ಅಂತ ಹೆಸರು. ಬೇರಿನ ಬಳಿ, ಎಲೆಯ ಮೇಲೆ ಇರುವ ಕೆಲವು ಬ್ಯಾಕ್ಟೀರಿಯಾಗಳಿಗೆ ಆ ಎಸಿಸಿಯನ್ನೇ ಒಡೆದು ತಿನ್ನುವ ಶಕ್ತಿ ಇದೆ. ಕಚ್ಚಾಮಾಲು ಖಾಲಿಯಾದರೆ ಎಥಿಲೀನೂ ಕಡಿಮೆ. ಗಿಡ ಅಂಗಡಿ ಮುಚ್ಚುವುದನ್ನು ಸ್ವಲ್ಪ ದಿನ ಮುಂದೂಡುತ್ತೆ. ಇದರಲ್ಲಿ ನೀರು ಎಲ್ಲಿಂದಲೂ ಬರಲಿಲ್ಲ ಅನ್ನೋದನ್ನು ಗಮನಿಸಿ.

ಆ ವರ್ಷ ಸೆಪ್ಟೆಂಬರಿನಲ್ಲಿ ಒಂದಿಷ್ಟು ಮಳೆ ಬಂದು ಪೈರು ಎದ್ದಿತು. ಹೊಡೆ ಬಿಚ್ಚುವ ಹೊತ್ತಿಗೆ ಹಸ್ತ, ಚಿತ್ತೆ ಎರಡೂ ಕೈಕೊಟ್ಟವು. ಎರಡನೇ ಸಲ ಸಿಂಪಡಿಸಿದ್ದರಿಂದ ಏನೂ ಆಗಲಿಲ್ಲ. ಮಣ್ಣಿನಲ್ಲಿ ಪಸೆಯೇ ಇಲ್ಲದಾಗ, ಕಾಳು ಹಾಲು ತುಂಬುವ ಹೊತ್ತಿನಲ್ಲಿ, ಈ ಬಾಟಲಿ ದಂಡ. ಒಕ್ಕಣೆಯಲ್ಲಿ ಆ ನಾಲ್ಕು ಸಾಲಿನ ತೆನೆ ಬೇರೆ ಬಡಿದು ತೂಗಿದೆ, ಒಂಬತ್ತು ಕೆಜಿ. ಪಕ್ಕದ ನಾಲ್ಕು ಸಾಲು ಹನ್ನೆರಡು. ಎಕರೆ ಲೆಕ್ಕಕ್ಕೆ ತಂದರೆ ಮೂರು ಕ್ವಿಂಟಾಲಿಗೆ ನಾಲ್ಕು. ಕೇಳಲು ಚೆಂದ. ಆದರೆ ಆ ನಾಲ್ಕು ಸಾಲು ಇದ್ದದ್ದು ಹೊಂಗೆ ಮರ ಇರುವ ಬದುವಿನ ಪಕ್ಕ. ಮರದ ಬೇರು ಕುಡಿದ ನೀರಿನ ಲೆಕ್ಕ ಯಾರು ಕೊಡುತ್ತಾರೆ? ಹಾಗಾಗಿ ಅರ್ಧ ಮರಕ್ಕೆ, ಅರ್ಧ ಬ್ಯಾಕ್ಟೀರಿಯಾಕ್ಕೆ ಅಂತ ನಾನೇ ಪಂಚಾಯ್ತಿ ಮಾಡಿಕೊಂಡೆ. ಅರ್ಧ ಕ್ವಿಂಟಾಲೇ ಅಂದರೂ ಆ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ರೂಪಾಯಿ. ಬೀಜಕ್ಕೆ ಹಚ್ಚಲು, ಎರಡು ಸಲ ಸಿಂಪಡಿಸಲು ನನಗೆ ಎಕರೆಗೆ ಸಾವಿರದ ನೂರು ಖರ್ಚಾಗಿತ್ತು, ಕೈಯಾಳು ನಾನೇ. ದಂಡವಾದ ಆ ಎರಡನೇ ಸಿಂಪಡಣೆ ಬಿಟ್ಟಿದ್ದರೆ ಇನ್ನೂ ಉಳಿಯುತ್ತಿತ್ತು.

2024ರಲ್ಲಿ ಬುದ್ಧಿ ಬಂದು ಹೊಲದ ನಟ್ಟನಡುವೆ ನಾಲ್ಕು ಸಾಲು ಬೇಕಂತಲೇ ಬಿಟ್ಟೆ. ಮಳೆ ಚೆನ್ನಾಗಿತ್ತು. ಎರಡು ಕಡೆಯೂ ಇಪ್ಪತ್ತೆಂಟು ಕೆಜಿ ಆಸುಪಾಸು. ಹಾಕಿದ ದುಡ್ಡು ವಿಮೆ ಕಂತಿನ ಹಾಗೆ ಹೋಯಿತು.

ಈಗ ದೂರುಗಳು. ಇದು ಔಷಧಿಯಲ್ಲ, ಜೀವ. ಜೀವ ಸತ್ತಿದ್ದರೆ ನೀವು ಸಿಂಪಡಿಸುತ್ತಿರುವುದು ಗಂಜಿ. ಒಂದು ಸಲ ಪೇಟೆಯ ಅಂಗಡಿಯೊಂದರಲ್ಲಿ ಕೊಂಡ ಅಜೋಸ್ಪಿರಿಲಂ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ. ಅದನ್ನು ಇಟ್ಟಿದ್ದದ್ದು ಪಶ್ಚಿಮದ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ, ಕೀಟನಾಶಕಗಳ ಪಕ್ಕ. ಅವಧಿ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು, ಆದ್ದರಿಂದ ವಾಪಸ್ ತೆಗೆದುಕೊಳ್ಳಲಿಲ್ಲ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದ್ರವರೂಪದ್ದರಲ್ಲಿ ಒಂದು ಮಿಲಿಗೆ ಕನಿಷ್ಠ ಹತ್ತು ಕೋಟಿ, ಪುಡಿಯಲ್ಲಿ ಗ್ರಾಮಿಗೆ ಐದು ಕೋಟಿ ಜೀವಕೋಶ ಇರಬೇಕು. ಚೀಟಿಯ ಮೇಲೆ ಅದು ಅಚ್ಚಾಗಿಯೂ ಇರುತ್ತೆ. ಎಣಿಸಿ ನೋಡಲು ನಮ್ಮ ಕಣ್ಣಿಗೆ ಆಗಬೇಕಲ್ಲ. ಅಲ್ಲಿಂದೀಚೆಗೆ ತಯಾರಿಸುವ ಜಾಗದಿಂದಲೇ ಅಥವಾ ಬೆಂಗಳೂರು ಕೃಷಿ ವಿವಿಯ ಜಿಕೆವಿಕೆ ಕೃಷಿ ಮೇಳದ ಥರದ ಕಡೆ ವಿಚಾರಿಸಿ ತಯಾರಿಕೆ ದಿನಾಂಕ ನೋಡಿ ತರುತ್ತೇನೆ. ತಂದದ್ದು ಒದ್ದೆ ಗೋಣಿ ಸುತ್ತಿ ಅಡುಗೆಮನೆಯ ನೀರಿನ ಗಡಿಗೆ ಪಕ್ಕ.

ಎರಡನೇದು ನಮ್ಮ ಕೈಯಾರೆ ಮಾಡಿಕೊಂಡದ್ದು. ಅಣ್ಣನ ಮಗ ಹಿಂದಿನ ದಿನ ತೋಟಕ್ಕೆ ಮೈಲುತುತ್ತ ಹೊಡೆದ ಕ್ಯಾನನ್ನು ಬರೀ ಗಲಬರಿಸಿ ಅದಕ್ಕೇ ಗುಲಾಬಿ ಬಾಟಲಿ ಸುರಿದ. ಮೈಲುತುತ್ತದಲ್ಲಿರೋದು ತಾಮ್ರ, ತಾಮ್ರ ಅಂದರೆ ಬ್ಯಾಕ್ಟೀರಿಯಾಕ್ಕೆ ಯಮ. ನಲ್ಲಿ ನೀರೂ ಅಷ್ಟೆ, ಬ್ಲೀಚಿಂಗ್ ಪುಡಿ ಹಾಕಿದ ದಿನ ಹಿಡಿದದ್ದಾದರೆ ಬೇಡ. ಬೋರ್‌ವೆಲ್ ನೀರು ಇಲ್ಲವೇ ರಾತ್ರಿಯಿಡೀ ತೆರೆದಿಟ್ಟ ನೀರು ಒಳ್ಳೆಯದು. ಇದಕ್ಕೆಂದೇ ಒಂದು ಹಳೆಯ ಕ್ಯಾನು ಬೇರೆ ಇಟ್ಟು ಗುಲಾಬಿ ಬಣ್ಣದ ದಾರ ಕಟ್ಟಿದ್ದೇನೆ.

ಪುಡಿ ರೂಪದ್ದನ್ನು ಬೆಲ್ಲದ ನೀರಿನಲ್ಲಿ ಕಲಸಿ ರಾಗಿಗೆ ಹಚ್ಚುವವರು ಬೆಲ್ಲ ಕೈ ತಡೆದು ಹಾಕಿ. ಮೊದಲ ವರ್ಷ ನಾನು ಪಾಕ ಗಟ್ಟಿ ಮಾಡಿ, ರಾಗಿ ಉಂಡೆಗಟ್ಟಿ, ಕೂರಿಗೆ ಬಟ್ಟಲಲ್ಲಿ ಸಿಕ್ಕಿಕೊಂಡು, ಸಾಲಿನಲ್ಲಿ ಮಾರುದ್ದ ಬೋಳು. ತಿಳಿ ಗಂಜಿ ಇದಕ್ಕಿಂತ ವಾಸಿ, ದ್ರವರೂಪದ್ದು ಇನ್ನೂ ವಾಸಿ. ಎಲೆಗೆ ಹೊಡೆಯುವುದು ಲೀಟರಿಗೆ ಹತ್ತು ಮಿಲಿಯಂತೆ, ಬಿಸಿಲೇರುವ ಮೊದಲು ಇಲ್ಲವೇ ಇಳಿದ ಮೇಲೆ. ಹೊಡೆಯುವ ಹಿಂದಿನ ದಿನ ಮಳೆ ಮುನ್ಸೂಚನೆ ಹೇಳುವ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳುತ್ತೇನೆ. ಮಳೆ ಬರುತ್ತೆ ಅಂದರೆ ಬಾಟಲಿ ಮುಚ್ಚಿಡುತ್ತೇನೆ, ಮಳೆಗಿಂತ ದೊಡ್ಡ ಟಾನಿಕ್ ಯಾವುದೂ ಇಲ್ಲ. ಗಿಡ ಪೂರ್ತಿ ಬಾಡುವವರೆಗೆ ಕಾಯಲೂ ಬಾರದು. ಮಳೆ ಹೋಗಿ ಎಂಟು ಹತ್ತು ದಿನವಾದಾಗ, ಎಲೆ ಇನ್ನೂ ಉಸಿರಾಡುತ್ತಿರುವಾಗಲೇ ಹೊಡೆಯಬೇಕು.

ಕೊಟ್ಟಿಗೆ ಗೊಬ್ಬರ ಹೊಡೆಸಿದ ಮೇಲಿನ ತಾಕಿನಲ್ಲಿ ಇವೆಲ್ಲ ಕೆಲಸ ಮಾಡಿದಷ್ಟು ಕೆಳಗಿನ ಬರಡು ಮೂಲೆಯಲ್ಲಿ ಮಾಡಲಿಲ್ಲ. ಒಂದು ಗಾಡಿ ಗೊಬ್ಬರಕ್ಕೂ ಈ ಬಾಟಲಿಗೂ ನಡುವೆ ಒಂದನ್ನೇ ಆರಿಸು ಅಂದರೆ ನಾನು ಗೊಬ್ಬರದ ಕಡೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬೀಜಕ್ಕೆ ಹಚ್ಚುವುದಕ್ಕೆ ನಾಲ್ಕು, ಎಲೆಗೆ ಹೊಡೆಯುವುದಕ್ಕೆ ಮೂರು. ಎರಡನೆಯದರ ಬಗ್ಗೆ ಮನೆಯಲ್ಲಿ ಇನ್ನೂ ತಕರಾರು ಮುಗಿದಿಲ್ಲ. "ನಿಮಗೆ ಎಲ್ಲಿ ಹೊಡೆದಿದ್ದು ಅಂತ ಗೊತ್ತಿದ್ದರೆ ಅಲ್ಲೇ ಹಸಿರು ಕಾಣ್ತದೆ" ಅನ್ನುತ್ತಾಳೆ ಮನೆಯವಳು. ಅದಕ್ಕೇ ಈ ಮುಂಗಾರಿಗೆ ಮಳೆ ಕೈಕೊಟ್ಟರೆ ಕ್ಯಾನು ತುಂಬಿಸುವ ಕೆಲಸ ಅವಳದ್ದು. ಯಾವ ಕ್ಯಾನಿನಲ್ಲಿ ಬ್ಯಾಕ್ಟೀರಿಯಾ, ಯಾವುದರಲ್ಲಿ ಬರೀ ನೀರು ಅಂತ ಅವಳು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾಳೆ. ಒಕ್ಕಣೆ ಆಗುವವರೆಗೆ ನಾನು ಕ್ಯಾಲೆಂಡರು ತಿರುಗಿಸುವ ಹಾಗಿಲ್ಲ.